ವಯೋಲಾದ ಖಾಲಿ ಸಾಲು

ಮಾರ್ಚ್ ೩, ಸೋಮವಾರ

ಇವರು ನಿನ್ನೆ ಹೋದರು. ಎರಡು ಸೂಟ್‌ಕೇಸ್, ಎದೆಯೆತ್ತರದ ವಯಲಿನ್‌ನಂಥ ಒಂದು ಚೆಲ್ಲೊ. ಜಗಳವಿಲ್ಲ, ಕೂಗಾಟವಿಲ್ಲ. ಟ್ಯಾಕ್ಸಿಯವನು ಚೆಲ್ಲೊ ಪೆಟ್ಟಿಗೆಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ಮಗುವಿಗೆ ಹಾಕುವ ಹಾಗೆ ಬೆಲ್ಟ್ ಹಾಕಿದ. ಇವರು ಮುಂದೆ ಕೂತರು. ನಾನು ಬಾಲ್ಕನಿಯಲ್ಲಿ ನಿಂತಿದ್ದೆ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಗಂಡ ಮನೆ ಬಿಟ್ಟು ಹೊರಟಾಗ ಹೆಂಡತಿ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿಲ್ಲ. ಕೈ ಬೀಸಿದೆ. ಆಮೇಲೆ ನಾಚಿಕೆಯಾಯಿತು.

ಕಾರಣ ಕೇಳಿದ್ದೆ. "ಬೇರೆ ಯಾರೂ ಇಲ್ಲ ಕಣೇ. ನಿನ್ನ ಜೊತೆ ಇದ್ದರೆ ನನ್ನ ದನಿ ನನಗೇ ಕೇಳಿಸಲ್ಲ" ಎಂದರು. ಬೇರೆ ಯಾರಾದರೂ ಇದ್ದಿದ್ದರೇ ಚೆನ್ನಾಗಿತ್ತು. ಬೈಯುವುದಕ್ಕೆ ಒಂದು ಮುಖವಾದರೂ ಸಿಗುತ್ತಿತ್ತು.

ಇವತ್ತು ಬೆಳಿಗ್ಗೆ ಹತ್ತಕ್ಕೆ ರಿಹರ್ಸಲ್. ಬೇರೆ ಹೆಂಗಸರ ಗಂಡಂದಿರು ಬಿಟ್ಟು ಹೋದರೆ ಹೋದರು. ನನ್ನ ಗಂಡ ಮರುದಿನ ಬೆಳಿಗ್ಗೆ ನನ್ನ ಪಕ್ಕದ ಕುರ್ಚಿಯಲ್ಲೇ ಕೂತು ತಂತಿ ಶ್ರುತಿ ಮಾಡುತ್ತಿದ್ದರು. ನಾಲ್ವರ ನಮ್ಮ ತಂಡಕ್ಕೆ, ಕ್ವಾರ್ಟೆಟ್‌ಗೆ, ಈಗ ಹದಿನೇಳು ವರ್ಷ. ಮೊದಲ ವಯಲಿನ್‌ನವಳನ್ನು ಎಲ್ಲರೂ ಕ್ಯಾಪ್ಟನ್ ಎನ್ನುತ್ತೇವೆ, ಅವಳು ಕಣ್ಣು ಬಿಟ್ಟರೆ ಲೋಹದ ಕುರ್ಚಿಯೂ ನೆಟ್ಟಗಾಗುತ್ತದೆ. ಎರಡನೆಯ ವಯಲಿನ್ ಮೌನಿ. ದಿನಕ್ಕೆ ಹತ್ತು ಮಾತಾಡಿದರೆ ಅದರಲ್ಲಿ ನಾಲ್ಕು "ಸರಿ". ಚೆಲ್ಲೊ ಇವರು. ನಡುವೆ ವಯೋಲಾ, ನಾನು. ವಯೋಲಾ ಎಂದರೆ ವಯಲಿನ್‌ನ ಅಕ್ಕ. ಸ್ವಲ್ಪ ದಪ್ಪ, ಸ್ವಲ್ಪ ತಗ್ಗಿದ ದನಿ. ಮನೆಗೆ ಬಂದವರೆಲ್ಲ ತಂಗಿಯನ್ನು ನೋಡಿಕೊಂಡು ಹೋಗುತ್ತಾರೆ.

ಇವರು "ಗುಡ್ ಮಾರ್ನಿಂಗ್" ಎಂದರು. ನಾನೂ ಎಂದೆ. ಯಾರಿಗೂ ಏನೂ ಗೊತ್ತಾಗಲಿಲ್ಲ.

ಮಾರ್ಚ್ ೬, ಗುರುವಾರ

ಮೇ ಹತ್ತರ ಕಛೇರಿಯಲ್ಲಿ ನಾವು ನುಡಿಸಬೇಕಾದ ಮೂರು ಕ್ವಾರ್ಟೆಟ್‌ಗಳನ್ನು, ನಾಲ್ಕು ವಾದ್ಯಗಳ ಕೃತಿಗಳನ್ನು, ಬರೆದ ಮನುಷ್ಯ ಇವತ್ತು ಬಂದರು. ಎಂಬತ್ತೊಂದು ವರ್ಷ. ಎದುರಿಗೆ ಸರ್ ಎನ್ನುತ್ತೇವೆ, ಬೆನ್ನ ಹಿಂದೆ ಅಜ್ಜ. ಮೂವತ್ತು ವರ್ಷ ಕ್ಲಬ್ಬುಗಳಲ್ಲಿ, ಹೋಟೆಲುಗಳಲ್ಲಿ ಜಾಝ್ ಸ್ಯಾಕ್ಸೊಫೋನ್ ಊದಿದವರು. ಶ್ವಾಸಕೋಶ ಕೆಟ್ಟಿತು, ಡಾಕ್ಟರು ಬೇಡವೆಂದರು. ಅವತ್ತಿನಿಂದ ತಂತಿವಾದ್ಯಗಳಿಗೆ ಬರೆಯುತ್ತಿದ್ದಾರೆ. "ಊದೋಕೆ ಆಗದವನು ಉಜ್ಜೋರಿಗೆ ಬರೀತಾನೆ" ಎಂದು ಅವರೇ ನಕ್ಕರು, ನಕ್ಕಿದ್ದು ಕೆಮ್ಮಾಯಿತು.

ಮೊದಲನೆಯ ಕ್ವಾರ್ಟೆಟ್‌ನಲ್ಲಿ ನಾಲ್ವರಿಗೂ ನಾಲ್ಕು ಬೇರೆ ಬೇರೆ ವೇಗ. ಒಂದೇ ಮನೆಯ ನಾಲ್ಕು ಗಡಿಯಾರ ನಾಲ್ಕು ಹೊತ್ತು ತೋರಿಸಿದ ಹಾಗೆ. ಎರಡನೆಯದರಲ್ಲಿ ಅರ್ಧ ಹೊತ್ತು ಕಮಾನು ಮಡಿಲಲ್ಲಿಟ್ಟು ಬೆರಳ ಗೆಣ್ಣಿನಿಂದ ವಾದ್ಯದ ಮರ ತಟ್ಟಬೇಕು. ಇವೆರಡೂ ಕಷ್ಟ, ಆದರೆ ಬರೆದದ್ದು ಇದೆ. ಬರೆದದ್ದನ್ನು ನುಡಿಸುವುದು ನನಗೆ ಗೊತ್ತು.

ಮೂರನೆಯದರ ನಡುವೆ ನನ್ನ ಸಾಲು ಖಾಲಿ. ಚೆಲ್ಲೊಗೆ ನಾಲ್ಕು ಸ್ವರ ಬರೆದಿದ್ದಾರೆ. ಮೇಲಕ್ಕೇರಿ ಪ್ರಶ್ನೆಯ ಹಾಗೆ ನಿಲ್ಲುವ ನಾಲ್ಕು ಸ್ವರ. ವಯೋಲಾ ಶುರು ಮಾಡುವವರೆಗೆ ಚೆಲ್ಲೊ ಅದನ್ನೇ ಮತ್ತೆ ಮತ್ತೆ ನುಡಿಸುತ್ತಿರಬೇಕು. ಶುರು ಮಾಡಿದ ಮೇಲೆ ಮೂವತ್ತೆರಡು ಬಾರ್, ಅಂದರೆ ಅಷ್ಟು ತಾಳದ ಆವರ್ತ, ನಾನೊಬ್ಬಳೇ, ಉಳಿದವರು ನನ್ನ ಹಿಂದೆ. ಅಲ್ಲಿ ಒಂದು ಸ್ವರವೂ ಇಲ್ಲ. ಗೆರೆಗಳ ಕೆಳಗೆ ಪೆನ್ಸಿಲ್ಲಿನಲ್ಲಿ ಒಂದೇ ಮಾತು: ಕೇಳು.

"ಸರ್, ಕೇಳು ಅಂದರೆ ಪ್ರಶ್ನೆ ಕೇಳಬೇಕಾ, ಕಿವಿಗೊಟ್ಟು ಕೇಳಬೇಕಾ?"

"ಎರಡಕ್ಕೂ ಒಂದೇ ಮಾತು ಇಟ್ಟವರೇನು ದಡ್ಡರಾ ತಾಯಿ?"

ಇವರು ಪಕ್ಕದಲ್ಲಿ ನಕ್ಕರು. ನಾನು ಪುಟ ತಿರುಗಿಸಿದೆ.

ಮಾರ್ಚ್ ೯, ಭಾನುವಾರ

ಅತ್ತೆಯ ವಿಷಯ ಬರೆಯಲೇ ಇಲ್ಲ. ಇವರು ಹೋದರು, ಇವರ ಅಮ್ಮ ಇಲ್ಲೇ ಇದ್ದಾರೆ. ಎಪ್ಪತ್ತೆಂಟು ವರ್ಷ, ಮಂಡಿ ನೋವು, ಎಡಗಿವಿ ಕೇಳಿಸುವುದಿಲ್ಲ. ಮನೆ ಹುಡುಕಿಕೊಂಡು ನೆಲೆಯಾದ ಮೇಲೆ ಅಮ್ಮನನ್ನು ಕರೆದುಕೊಂಡು ಹೋಗುತ್ತೇನೆ ಎಂದಿದ್ದಾರೆ.

ಅಕ್ಕ ಫೋನ್ ಮಾಡಿದಳು. "ಹಸು ಹೋಯ್ತು, ನೀನು ಹಗ್ಗ ಹಿಡ್ಕೊಂಡು ಕೂತಿದ್ದೀಯ. ಕಳಿಸು ಅವರನ್ನ."

ನಿಜ. ನಾನೇಕೆ ನೋಡಿಕೊಳ್ಳಬೇಕು? ಮಧ್ಯಾಹ್ನ ಊಟದ ಮೇಜಿನಲ್ಲಿ ನಾವಿಬ್ಬರೂ ಎದುರುಬದುರು ಕೂತು ಚಮಚದ ಸದ್ದು ಮಾಡಿದೆವು, ಅಷ್ಟೆ. ನಡುವೆ ಒಮ್ಮೆ, ಏನಾದರೂ ಹೇಳಬೇಕಲ್ಲ ಎಂದು, "ಹೊಸ ಕ್ವಾರ್ಟೆಟ್‌ನಲ್ಲಿ ನನಗೆ ಮೂವತ್ತೆರಡು ಬಾರ್ ಖಾಲಿ ಬಿಟ್ಟಿದ್ದಾರೆ" ಎಂದೆ.

"ಈ ಕಾಲದಲ್ಲಿ ಬಾರ್ ಖಾಲಿ ಇರೋದುಂಟಾ?" ಎಂದರು ಅತ್ತೆ.

ತಮಾಷೆಗೆ ಅಂದರೋ ಕಿವಿ ಕೇಳಿಸದೆ ಅಂದರೋ ತಿಳಿಯಲಿಲ್ಲ.

ಮಾರ್ಚ್ ೧೪, ಶುಕ್ರವಾರ

ಕಳ್ಳತನ ಮಾಡಿ ಸಿಕ್ಕಿಬಿದ್ದೆ. ನಾಲ್ಕು ದಿನ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಆ ಮೂವತ್ತೆರಡು ಬಾರ್‌ಗೂ ಸ್ವರ ಬರೆದೆ, ಬಾಯಿಪಾಠ ಮಾಡಿದೆ, ಇವತ್ತು ಆಗ ತಾನೇ ಹೊಳೆದದ್ದು ಎನ್ನುವ ಹಾಗೆ ನುಡಿಸಿದೆ. ನಡುವೆ ಒಂದು ಕಡೆ ತಡವರಿಸುವುದನ್ನೂ ಅಭ್ಯಾಸ ಮಾಡಿದ್ದೆ. ಕ್ಯಾಪ್ಟನ್ "ವಾಹ್" ಎಂದಳು.

ಅಜ್ಜ ಕೋಲಿನ ಮೇಲೆ ಗದ್ದ ಊರಿ ಕೂತಿದ್ದರು. "ಚೆನ್ನಾಗಿದೆ. ಆದರೆ ಇದು ಮನೇಲಿ ಮಾಡಿ ಡಬ್ಬಿಗೆ ಹಾಕ್ಕೊಂಡು ಬಂದ ಅಡುಗೆ. ನನಗೆ ಇಲ್ಲೇ ಒಲೆ ಹಚ್ಚಬೇಕು."

ಮೌನಿ ಕೂಡ ನಕ್ಕ. ಇಪ್ಪತ್ತಾರು ವರ್ಷ ತಪ್ಪಿಲ್ಲದೆ ನುಡಿಸಿದವಳಿಗೆ ಇದು ಮರ್ಯಾದೆಯೇ?

ಮಾರ್ಚ್ ೧೬, ಭಾನುವಾರ

ವಾದ್ಯ ಮುಟ್ಟಲಿಲ್ಲ. ಬಟ್ಟೆ ಒಗೆದೆ. ಇವರ ಒಂದು ಅಂಗಿ ಉಳಿದಿತ್ತು. ಅದನ್ನೂ ಒಗೆದೆ.

ಮಾರ್ಚ್ ೨೪, ಸೋಮವಾರ

ಇವತ್ತು ಅಜ್ಜ ಬಂದವರೇ ಕುರ್ಚಿ ತಿರುಗಿಸಲು ಹೇಳಿದರು. ವಯಲಿನ್‌ಗಳು ಎರಡು ಮೂಲೆಗೆ. ನಾನು ಮತ್ತು ಚೆಲ್ಲೊ ನಡುವೆ, ಬೆನ್ನಿಗೆ ಬೆನ್ನು.

"ಕಣ್ಣಿಗೆ ರಜ ಕೊಡಿ" ಎಂದರು.

ನನಗೆ ಗಾಬರಿಯಾಯಿತು. ಹದಿನೇಳು ವರ್ಷ ಇವರ ಎಡ ಭುಜ ನೋಡಿಕೊಂಡೇ ನುಡಿಸಿದವಳು. ಶುರು ಮಾಡುವ ಮೊದಲು ಆ ಭುಜ ಒಂದಿಷ್ಟು ಏಳುತ್ತದೆ. ಅದು ಎದ್ದರೆ ನಾನು ಸಿದ್ಧ. ಈಗ ಎದುರಿಗೆ ಬರೀ ಗೋಡೆ, ಅದರ ಮೇಲೆ ಬೆಂಕಿ ಬಿದ್ದರೆ ಯಾವ ಕಡೆ ಓಡಬೇಕೆಂಬ ನಕ್ಷೆ.

ಇವರು ಕೆಳಗಿನ ತಂತಿ ಎಳೆದಾಗ ನನ್ನ ಕುರ್ಚಿಯ ಬೆನ್ನು ಅದುರಿತು. ನಾಲ್ಕು ಸ್ವರ. ನಾಲ್ಕನೆಯದರ ಕೊನೆಯಲ್ಲಿ ಕಮಾನು ತೆಳ್ಳಗಾಗುತ್ತದೆ. ಪಕ್ಕದಿಂದ ನೋಡಿದಾಗ ಅದು ಇವರ ಶೈಲಿ ಎಂದುಕೊಂಡಿದ್ದೆ, ವಿಮರ್ಶಕರೂ ಹಾಗೇ ಬರೆದಿದ್ದಾರೆ. ಬೆನ್ನಿನಿಂದ ಕೇಳಿದರೆ ಅದು ಶೈಲಿಯಲ್ಲ. ಇವರು ಹೆದರುತ್ತಾರೆ. ಮೆಟ್ಟಿಲು ಇದೆಯೋ ಇಲ್ಲವೋ ಎಂದು ಕತ್ತಲಲ್ಲಿ ಕಾಲು ಚಾಚಿದ ಹಾಗೆ ಆ ಸ್ವರ ಚಾಚಿಕೊಂಡಿರುತ್ತದೆ. ಅದು ಕಾಲೂರುವ ಮೊದಲೇ ನಾನು ನುಗ್ಗಿ ಹಿಡಿದುಬಿಡುತ್ತೇನೆ. ಪ್ರತಿ ಸಲವೂ.

ಒಂಬತ್ತು ಸಲ ನುಡಿಸಿದೆವು. ಒಂಬತ್ತು ಸಲವೂ ಹಿಡಿದೆ. ಅಜ್ಜ ಕೋಟು ಹಾಕಿಕೊಂಡರು.

ಏಪ್ರಿಲ್ ೨, ಬುಧವಾರ

ಕ್ಯಾಪ್ಟನ್ ಕಾಫಿಗೆ ಕರೆದಳು. ಯಾವತ್ತೂ ಕರೆಯದವಳು ಕರೆದಳೆಂದರೆ ಏನೋ ಇದೆ ಎಂದುಕೊಂಡೆ, ಇತ್ತು. ನನ್ನ ಗಂಡ ಅವಳಿಗೆ ಎಲ್ಲ ಹೇಳಿಬಿಟ್ಟಿದ್ದಾರೆ. ಬೇರೆಯಾದದ್ದನ್ನೂ, ಮೇ ಹತ್ತರ ನಂತರ ಇಬ್ಬರಲ್ಲಿ ಒಬ್ಬರು ಕ್ವಾರ್ಟೆಟ್ ಬಿಡಬೇಕೆನ್ನುವುದನ್ನೂ.

"ಯಾರು ಬಿಡಬೇಕಂತೆ?"

"ಅದನ್ನ ಅವರು ಹೇಳಲಿಲ್ಲ."

"ನೀನೇನು ಹೇಳಿದೆ?"

"ನೋಡೇ, ನಾನು ಗಂಡ ಹೆಂಡತಿ ನಡುವೆ ಬರೋಳಲ್ಲ. ಆದರೆ ಚೆಲ್ಲೊ ಸಿಗೋದು ಕಷ್ಟ." ಇಷ್ಟು ಹೇಳಿ ತಾನೇ ನಾಲಿಗೆ ಕಚ್ಚಿಕೊಂಡಳು.

ವಯೋಲಾ ಸಿಗುವುದು ಸುಲಭ. ಇರಬಹುದು. ಮನೆಗೆ ನಡೆದುಕೊಂಡೇ ಬಂದೆ. ಮೂರು ಬಸ್ ಬಿಟ್ಟೆ. ಬಸ್ಸಿನಲ್ಲಿ ಅತ್ತರೆ ಜನ ಎದ್ದು ಸೀಟು ಕೊಡುತ್ತಾರೆ, ಅದೊಂದು ಹಿಂಸೆ.

ಸಂಸಾರ, ಗಂಡ, ಈಗ ಕುರ್ಚಿ. ಇವಿಷ್ಟೂ ಹೋದರೆ ನಾನು ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಲಿ?

ಏಪ್ರಿಲ್ ೧೨, ಶನಿವಾರ

ಅವರು ಅಮ್ಮನನ್ನು ಕರೆದೊಯ್ಯಲು ಬಂದರು. ನಾನು ಅತ್ತೆಯ ಬಟ್ಟೆಗಳನ್ನು ನಿನ್ನೆಯೇ ಮಡಿಸಿಟ್ಟಿದ್ದೆ. ಔಷಧಿಗಳನ್ನು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಎಂದು ಚೀಟಿ ಅಂಟಿಸಿ ಡಬ್ಬಿಯಲ್ಲಿ ಹಾಕಿದ್ದೆ. ಅತ್ತೆ ಸೋಫಾ ಬಿಟ್ಟು ಏಳಲಿಲ್ಲ.

"ಎಷ್ಟನೇ ಮಹಡಿ?"

"ನಾಲ್ಕು, ಅಮ್ಮ."

"ಲಿಫ್ಟ್?"

"ಇಲ್ಲ. ನಾನು ಎತ್ಕೊಂಡು ಹೋಗ್ತೀನಿ."

"ಹೆಂಡತಿ ಜೊತೆ ಮಾತಾಡೋಕೆ ಆಗದವನು ತಾಯಿನ ನಾಲ್ಕು ಮಹಡಿ ಎತ್ತುತ್ತಾನಂತೆ." ಅತ್ತೆ ಟಿವಿಯ ದನಿ ಜೋರು ಮಾಡಿದರು. "ನೀನು ಬಿಟ್ಟು ಹೋಗಿದ್ದು ನಿನ್ನ ಇಷ್ಟ ಕಣೋ. ನನಗೆ ಯಾರೂ ಮನೆ ಬಿಡು ಅಂದಿಲ್ಲ, ನಾನು ಬಿಡಲ್ಲ."

ಅವರು ನನ್ನನ್ನು ನೋಡಿದರು. ಅತ್ತೆ ಇಲ್ಲೇ ಇರಲಿ ಎಂದೆನೇ? ಅನ್ನಲಿಲ್ಲ. ಆದರೆ ಅವರು ಹೋದ ಮೇಲೆ ಬಟ್ಟೆಗಳನ್ನು ಮತ್ತೆ ಕಪಾಟಿನಲ್ಲಿ ಜೋಡಿಸಿದೆ. ಅಕ್ಕನಿಗೆ ಇನ್ನೂ ತಿಳಿಸಿಲ್ಲ. ಬೈಯುತ್ತಾಳೆ.

ಏಪ್ರಿಲ್ ೧೯, ಶನಿವಾರ

ಅಜ್ಜನ ಮನೆಗೆ ಹೋಗಿದ್ದೆ. ಅವರೇ ಕರೆದಿದ್ದರು. ಒಂದೇ ಕೋಣೆ, ಕಿಟಕಿಯ ಹತ್ತಿರ ಬರೆಯುವ ಮೇಜು, ಒಂದೇ ಕುರ್ಚಿ. ನನಗೆ ಕುರ್ಚಿ ಕೊಟ್ಟು ತಾವು ಮಂಚದ ಅಂಚಿನಲ್ಲಿ ಕೂತರು. ಹೆಂಡತಿ ತೀರಿಕೊಂಡು ಹತ್ತು ವರ್ಷವಾಯಿತಂತೆ. ಎರಡನೆಯ ಕುರ್ಚಿ ಮುರಿದಾಗ ರಿಪೇರಿ ಮಾಡಿಸಲಿಲ್ಲವಂತೆ.

ಮಂಚದ ಕೆಳಗಿನಿಂದ ಸ್ಯಾಕ್ಸೊಫೋನ್ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಊದಲಿಲ್ಲ. ಬೆರಳು ಮಾತ್ರ ಆಡಿಸಿದರು. ಉಸಿರಿಲ್ಲದ ವಾದ್ಯದ ಕೀಲಿಗಳು ಟಪ ಟಪ ಎಂದವು, ಬೀಗ ಹಾಕಿದ ಮನೆಯೊಳಗೆ ಯಾರೋ ಓಡಾಡಿದ ಹಾಗೆ.

"ಮೊದಲ ಸಲ ಕ್ಲಬ್ಬಿನಲ್ಲಿ ನನಗೊಬ್ಬನಿಗೇ ಊದೋಕೆ ಬಿಟ್ಟರು. ವಯಸ್ಸು ಹತ್ತೊಂಬತ್ತು. ಗೊತ್ತಿದ್ದದ್ದನ್ನೆಲ್ಲ ಒಂದೇ ನಿಮಿಷದಲ್ಲಿ ಊದಿ ಮುಗಿಸಿದೆ. ಜನ ಚಪ್ಪಾಳೆ ಹೊಡೆದರು. ಡ್ರಮ್ಮಿನವನು ಹತ್ತಿರ ಬಂದು, 'ಎಲ್ಲಾ ಚೆನ್ನಾಗಿತ್ತು, ನಾವೂ ಅಲ್ಲೇ ಇದ್ವಿ ಅನ್ನೋದೊಂದು ಮರೆತೆ' ಅಂದ."

"ನಾನು ಯಾರನ್ನೂ ಮರೆಯಲ್ಲ ಸರ್. ಅವರ ಉಸಿರು ನೋಡ್ಕೊಂಡೇ ನುಡಿಸ್ತೀನಿ."

"ಅದೇ ನಿನ್ನ ರೋಗ. ಗಿರಾಕಿ ಬಾಯಿ ತೆರೆಯೋ ಮೊದಲೇ ನೀನು ಸಾಮಾನು ಕಟ್ಟಿಬಿಡ್ತೀಯ. ಅವನಿಗೆ ಏನು ಬೇಕಿತ್ತು ಅಂತ ಅವನಿಗೂ ಗೊತ್ತಾಗಲ್ಲ, ನಿನಗೂ ಗೊತ್ತಾಗಲ್ಲ."

ನನಗೆ ಸಿಟ್ಟು ಬಂತು. ಎದ್ದು ನಿಂತೆ. "ಮತ್ತೆ ನಾನೇನು ಮಾಡಲಿ? ಸುಮ್ಮನೆ ಕೂರಲಾ? ಜನ ಏನಂದ್ಕೋತಾರೆ?"

"ಜನಕ್ಕೆ ಮನೆಗೆ ಹೋಗೋ ಬಸ್ಸಿನ ಯೋಚನೆ" ಎಂದರು ಅಜ್ಜ. "ನಿನ್ನ ಯೋಚನೆ ಯಾರಿಗೂ ಇಲ್ಲ. ಅದೊಂದು ದೊಡ್ಡ ಅನುಕೂಲ ತಾಯಿ."

ಚಹಾ ಮಾಡಿಕೊಟ್ಟರು. ಸಕ್ಕರೆ ಇರಲಿಲ್ಲ. ಹೊರಡುವಾಗ ಬಾಗಿಲವರೆಗೆ ಬಂದು, "ಮುಂದಿನ ವಾರವೂ ಬಾ, ಸಂಗೀತದ ಮಾತೇ ಆಗಬೇಕು ಅಂತಿಲ್ಲ" ಎಂದರು. ಅಷ್ಟು ಒರಟು ಮನುಷ್ಯ ಅದನ್ನು ಹೇಳುವಾಗ ನೆಲ ನೋಡುತ್ತಿದ್ದರು.

ಏಪ್ರಿಲ್ ೨೬, ಶನಿವಾರ

ಅಜ್ಜನಿಗೆ ಸಕ್ಕರೆ ಕೊಟ್ಟು ಬಂದೆ. ಸಂಗೀತದ ಮಾತಾಡಲಿಲ್ಲ. ಕಿಟಕಿಯಿಂದ ಕಾಣುವ ನಾಯಿಗಳ ಬಗ್ಗೆ ಮಾತಾಡಿದೆವು.

ಮೇ ೩, ಶನಿವಾರ

ಈಗೀಗ ದಿನಾ ಒಂದು ಗಂಟೆ, ಮುಂದೆ ಏನೂ ಇಟ್ಟುಕೊಳ್ಳದೆ ನುಡಿಸುತ್ತೇನೆ. ಹೆಚ್ಚಿನದು ಕಸ. ಅತ್ತೆ ಇವತ್ತು ಬಾಗಿಲು ತಳ್ಳಿ, "ಬೆಕ್ಕು ಸಿಕ್ಕಿಹಾಕ್ಕೊಂಡಿದೆಯಾ?" ಎಂದು ಕೇಳಿದರು. ಇಬ್ಬರೂ ನಕ್ಕೆವು. ಅವರಿಗೆ ಕೇಳಿಸುವ ಕಿವಿ ಬಲಗಡೆಯದು, ಆದ್ದರಿಂದ ನಾನು ಮೇಜಿನಲ್ಲಿ ಜಾಗ ಬದಲಿಸಿಕೊಂಡಿದ್ದೇನೆ. ಕೂಗಿ ಮಾತಾಡುವುದು ತಪ್ಪಿತು.

ಮೇ ೧೧, ಭಾನುವಾರ

ನಿನ್ನೆಯದನ್ನು ಇವತ್ತು ಬೆಳಿಗ್ಗೆ ಬರೆಯುತ್ತಿದ್ದೇನೆ. ಬಿಸಿಲು ಮೇಜಿನವರೆಗೆ ಬಂದಿದೆ.

ಸಭಾಂಗಣದಲ್ಲಿ ಇನ್ನೂರು ಜನ ಇದ್ದಿರಬಹುದು. ಅಜ್ಜ ಮೊದಲ ಸಾಲಿನ ಕೊನೆಯಲ್ಲಿ, ಕೆಮ್ಮು ಬಂದರೆ ಎದ್ದು ಹೋಗಲು ಸುಲಭವಾಗಲಿ ಎಂದು. ಮೊದಲೆರಡು ಕ್ವಾರ್ಟೆಟ್ ಸರಿಯಾಗಿ ಹೋದವು. ಮೌನಿ ಮರ ತಟ್ಟುತ್ತ ಎಷ್ಟು ಖುಷಿಯಾಗಿದ್ದನೆಂದರೆ ಅವನಿಗೆ ಬಾಯಿ ಬಂದ ಹಾಗಿತ್ತು.

ಮೂರನೆಯದು. ನಾನು ಮತ್ತು ಚೆಲ್ಲೊ ಬೆನ್ನಿಗೆ ಬೆನ್ನು. ಆ ಜಾಗ ಬಂತು. ಚೆಲ್ಲೊ ನಾಲ್ಕು ಸ್ವರ ಕೇಳಿತು. ನನ್ನ ಕಮಾನು ತಂತಿಯ ಮೇಲಿತ್ತು. ಆದರೂ ಎಳೆಯಲಿಲ್ಲ. ಮರೆತಿದ್ದಲ್ಲ, ಹೆದರಿದ್ದೂ ಅಲ್ಲ. ನಾಲ್ಕನೆಯ ಸ್ವರ ಎಲ್ಲಿಗೆ ಹೋಗುತ್ತದೆ ನೋಡೋಣ ಅನಿಸಿತು, ಅಷ್ಟೆ.

ಎರಡನೆಯ ಸಲವೂ ಹಾಗೇ ಬಂತು. ಮೂರನೆಯದು ಸ್ವಲ್ಪ ಜೋರಾಗಿ. ನಾಲ್ಕನೆಯದರಲ್ಲಿ ಸಿಡುಕಿತ್ತು, ಆ ಸಿಡುಕು ನನಗೆ ಗೊತ್ತು, ನಾನು ಬಾತ್‌ರೂಮಿನಲ್ಲಿದ್ದಾಗ ಬಾಗಿಲ ಹೊರಗಿನಿಂದ ಎಷ್ಟೋ ಸಲ ಕೇಳಿದ್ದೇನೆ. ಮೂಲೆಯಲ್ಲಿ ಕ್ಯಾಪ್ಟನ್‌ಳ ಶೂ ನೆಲ ತಟ್ಟತೊಡಗಿತು. ಐದು, ಆರು. ಜನರಲ್ಲಿ ಯಾರೋ ಕೆಮ್ಮಿದರು. ಏಳನೆಯ ಸಲಕ್ಕೆ ಚೆಲ್ಲೊ ಅಂಗಲಾಚಿತು. ಹಿಡಿದುಬಿಡಬೇಕು ಅನಿಸಿತು. ಹಿಡಿಯಲಿಲ್ಲ. ಎಂಟನೆಯ ಸಲ ಆ ಕೊನೆಯ ಸ್ವರ ತೆಳ್ಳಗಾಗಿ ಕಂಪಿಸಿತು, ಅದನ್ನು ಮುಚ್ಚಿಕೊಳ್ಳಲು ಅವರು ಏನೂ ಮಾಡಲಿಲ್ಲ. ಒಂಬತ್ತನೆಯದು ಪಿಸುಮಾತು. ಹತ್ತನೆಯದು ನನ್ನನ್ನು ಕೇಳುತ್ತಿರಲಿಲ್ಲ. ಹನ್ನೊಂದನೆಯ ಸಲ ಆ ನಾಲ್ಕು ಸ್ವರಗಳನ್ನು ಅವರು ತಮಗಾಗಿಯೇ ನುಡಿಸಿಕೊಂಡರು, ಕೊನೆಯದು ದಪ್ಪಗೆ, ಗಟ್ಟಿಯಾಗಿ ನೆಲ ಮುಟ್ಟಿ ನಿಂತಿತು. ಇಷ್ಟು ವರ್ಷದಲ್ಲಿ ಅವರ ದನಿ ನಾನು ಕೇಳಿದ್ದು ಅದೇ ಮೊದಲು. ಬಹುಶಃ ಅವರೂ.

ಆಮೇಲೆ ನಾನು ಶುರು ಮಾಡಿದೆ. ಅವರ ಪ್ರಶ್ನೆಗೆ ಉತ್ತರವಲ್ಲ. ನನ್ನ ಅತಿ ಕೆಳಗಿನ ತಂತಿಯಿಂದ, ನನಗೇ ಗೊತ್ತಿಲ್ಲದ ಕಡೆಗೆ. ಏನು ನುಡಿಸಿದೆ ಎಂದು ಈಗ ಕೇಳಿದರೆ ಹೇಳಲಾರೆ. ಮೂವತ್ತೆರಡು ಬಾರ್ ಮುಗಿದಾಗ ಇನ್ನೂ ಹತ್ತು ಇದ್ದಿದ್ದರೆ ಎನಿಸಿತ್ತು.

ಒಳಗಿನ ಕೋಣೆಗೆ ಅಜ್ಜ ಕೋಲೂರಿಕೊಂಡು ಬಂದರು. "ಹನ್ನೊಂದು ಸಲ! ನಾನು ಎಣಿಸ್ತಿದ್ದೆ. ಕ್ಲಬ್ಬಿನಲ್ಲಾಗಿದ್ದರೆ ಮೂರನೇ ಸಲಕ್ಕೇ ಬಾಟಲಿ ಬೀಳ್ತಿತ್ತು." ಅಷ್ಟೇ ಹೇಳಿದ್ದು. ಆದರೆ ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

ಅವರು ಚೆಲ್ಲೊ ಪೆಟ್ಟಿಗೆಯ ಮುಚ್ಚಳ ಹಾಕುತ್ತಿದ್ದರು. ಮುಖ ಬೆವತಿತ್ತು.

"ನೀನು ಶುರು ಮಾಡೋದೇ ಇಲ್ಲ ಅಂದ್ಕೊಂಡೆ."

"ನೀವು ಮುಗಿಸಲಿ ಅಂತ ಕಾದೆ."

ಅವರು ಕೊಕ್ಕೆ ಹಾಕಿ ಪೆಟ್ಟಿಗೆ ಎತ್ತಿಕೊಂಡರು. ನಾನು ಬಾಗಿಲು ತೆರೆದು ಹಿಡಿದೆ.

ಮೇ ೨೫, ಭಾನುವಾರ

ಕ್ಯಾಪ್ಟನ್ ಫೋನ್ ಮಾಡಿದಳು. ಬಿಡುವವರು ಅವರೇ. ದೂರದ ಊರಿನ ಆರ್ಕೆಸ್ಟ್ರಾದಲ್ಲಿ ಕೆಲಸ ಸಿಕ್ಕಿದೆಯಂತೆ, ಜೂನ್ ಒಂಬತ್ತಕ್ಕೆ ಹೊರಡುತ್ತಾರಂತೆ. "ವಯೋಲಾ ಇಲ್ಲೇ ಇರಬೇಕು ಅಂದರು ಕಣೇ. ಅವರಾಗೇ ಅಂದರು."

ನಾನು "ಹೌದಾ" ಎಂದೆ. ಹೊಸ ಚೆಲ್ಲೊದವರು ಯಾವಾಗ ಬರುತ್ತಾರೆ ಎಂದು ಕೇಳಿದೆ. ಗುರುವಾರವಂತೆ. ಸಂಜೆಯವರೆಗೆ ಮನೆಯ ಕಿಟಕಿಗಳನ್ನೆಲ್ಲ ಒರೆಸಿದೆ. ಅಳು ಬರುತ್ತದೆ ಎಂದುಕೊಂಡಿದ್ದೆ. ತೋಳು ನೋವು ಬಂತು.

ಜೂನ್ ೮, ಭಾನುವಾರ

ಮಧ್ಯಾಹ್ನ ಮೂರಕ್ಕೆ ಕೋಣೆಯ ಬಾಗಿಲು ಹಾಕಿಕೊಂಡು ನುಡಿಸಲು ಕೂತವಳು ಐದಕ್ಕೆ ಎದ್ದೆ. ಹೊರಗೆ ಬಂದರೆ ಅತ್ತೆ ಸೋಫಾದಲ್ಲಿ. ಟಿವಿ ಹಾಕಿರಲಿಲ್ಲ. ಎದುರಿಗೆ ಎರಡು ಚಹಾ ಲೋಟ.

"ಅವನು ಬಂದಿದ್ದ" ಎಂದರು. "ನಾಳೆ ಬೆಳಿಗ್ಗೆ ರೈಲಂತೆ. ಹೇಳಿ ಹೋಗೋಕೆ ಬಂದ."

"ನನ್ನನ್ನ ಕರೀಬಾರದಿತ್ತಾ?"

"ಕರೀತೀನಿ ಅಂದೆ. ಬೇಡ ಅಂದ. ಅರ್ಧ ಗಂಟೆ ನಿನ್ನ ಬಾಗಿಲ ಹತ್ತಿರ ನಿಂತಿದ್ದ. ಏನು ನುಡಿಸ್ತಿದಾಳೆ ಅಂತ ನನ್ನನ್ನ ಕೇಳಿದ. ನನಗೇನು ಗೊತ್ತು, ದಿನಾ ಬೇರೆ ಬೇರೆ ಅಂದೆ."

ಫೋನ್ ಕೈಗೆತ್ತಿಕೊಂಡೆ. ಕೆಳಗಿಟ್ಟೆ. ಆಗ ಅತ್ತೆಯ ಮುಖ ನೋಡಿದೆ. ಸದ್ದಿಲ್ಲದೆ ಕಣ್ಣೀರು ಇಳಿಯುತ್ತಿತ್ತು, ಅವರು ಒರೆಸಿಕೊಳ್ಳುತ್ತಲೂ ಇರಲಿಲ್ಲ. ಮಗ ಮನೆ ಬಿಟ್ಟ ಮೂರು ತಿಂಗಳಲ್ಲಿ ಈ ಹೆಂಗಸು ಅತ್ತದ್ದನ್ನು ನಾನು ನೋಡಿರಲಿಲ್ಲ. ಅವರಿಗೂ ಅಳುವುದಿದೆ ಎಂದು ಯೋಚಿಸಿಯೂ ಇರಲಿಲ್ಲ.

ಪಕ್ಕದಲ್ಲಿ, ಅವರ ಬಲಗಡೆ, ಕೂತೆ. ಬಿಸಿಲು ಗೋಡೆಯಿಂದ ಇಳಿದು ನೆಲಕ್ಕೆ ಬಂತು. ಪಕ್ಕದ ಮನೆಯವರು ಬಂದು ಬೀಗ ತೆಗೆದರು.

"ಅವನು ಹುಟ್ಟಿದಾಗ ಅಳಲೇ ಇಲ್ಲ, ಗೊತ್ತಾ?" ಎಂದರು ಅತ್ತೆ ಕೊನೆಗೆ. "ಡಾಕ್ಟರು ಕಾಲು ಹಿಡಿದು ಎರಡು ಸಲ ಹೊಡೀಬೇಕಾಯ್ತು."

ಇಪ್ಪತ್ತೆರಡು ವರ್ಷದಲ್ಲಿ ಈ ಮಾತು ನನಗೆ ಯಾರೂ ಹೇಳಿರಲಿಲ್ಲ.